ಹನ್ನೆರಡು ಸಾವಿರದ ಏಟು

ನಮ್ಮ ಬೀದಿಯ ಗ್ಯಾರೇಜಿನಲ್ಲಿ ಜಜ್ಜಿಹೋದ ಕಾರುಗಳ ಮೈಯನ್ನು ಬಡಿದು ಬಡಿದೇ ನೆಟ್ಟಗೆ ಮಾಡುವ ತಗಡಣ್ಣನಿಗೆ ಮಾತಿಗಿಂತ ಮೊದಲು ಕೈ ಬರುತ್ತದೆ. ಕೆಲಸ ಕಲಿಸಿದ ಅಪ್ಪ ತಪ್ಪಾದಾಗಲೆಲ್ಲ ಸ್ಪ್ಯಾನರ್‌ನಲ್ಲಿ ತಲೆಗೆ ಕೊಡುತ್ತಿದ್ದ. ಇವನ ನೆತ್ತಿ ಸವರಿದರೆ ಎಷ್ಟು ವರ್ಷ ಕಲಿತಿದ್ದಾನೆಂದು ಎಣಿಸಬಹುದು. ಇಪ್ಪತ್ತರಲ್ಲಿ ಗಿರಾಕಿಯೊಬ್ಬನ ಹಲ್ಲು ಉದುರಿಸಿದ. ಮೂವತ್ತರಲ್ಲಿ ಇನ್ನೊಬ್ಬ ಗಿರಾಕಿ ಇವನ ಎರಡು ಹಲ್ಲು ಉದುರಿಸಿದ. ನನ್ನ ಮೈ ಮಾತ್ರ ಮುಟ್ಟಿರಲಿಲ್ಲ. ಓದಿದವನೆಂಬ ಮರ್ಯಾದೆ ಎಂದುಕೊಂಡಿದ್ದೆ. "ಒಂದೇಟಿಗೆ ಸತ್ತುಗಿತ್ತು ಹೋದರೆ ಜೈಲಿಗೆ ಹೋಗೋನು ಯಾರು?" ಎಂದು ಅವನೇ ಒಮ್ಮೆ ಭ್ರಮೆ ಬಿಡಿಸಿದ.

ಇಂಥವನು ಹೆದರಿದ್ದು ಹೆಂಡತಿಯ ಪಿತ್ತಕೋಶದ ಕಲ್ಲಿಗೆ. ನೋವು ಬಂತೆಂದರೆ ಅತ್ತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ಒಮ್ಮೆ ಕೂಗು ಹೊರಗೆ ಕೇಳಬಾರದೆಂದು ದಿಂಬು ಕಚ್ಚಿ ಹರಿದೇಬಿಟ್ಟರು. ಆಪರೇಷನ್‌ಗೆ ಎಂಬತ್ತು ಸಾವಿರ. ಆರೋಗ್ಯ ವಿಮೆಯೇನೋ ಇತ್ತು. ಆದರೆ ಕಂತು ಕಡಿಮೆಯೆಂದು ಐವತ್ತು ಸಾವಿರದ ಡಿಡಕ್ಟಿಬಲ್ ಇರುವ ಪಾಲಿಸಿ ಮಾಡಿಸಿದ್ದ. ಅದನ್ನು ಹಿಡಿದುಕೊಂಡು ನನ್ನ ಮನೆಗೆ ಬಂದ.

ವರ್ಷದೊಳಗೆ ಮನೆಯವರೆಲ್ಲರ ಆಸ್ಪತ್ರೆ ಖರ್ಚು ಸೇರಿ ಐವತ್ತು ಸಾವಿರದವರೆಗೆ ನಾವೇ ಕೊಡಬೇಕು, ಅದು ತುಂಬಿದ ಮೇಲೆ ಕಂಪನಿ ಕೊಡುತ್ತದೆ ಎಂದು ಓದಿ ಹೇಳಿದೆ. ಜ್ಯಾಕ್ ಜಾರಿ ಅವನ ಹೆಬ್ಬೆರಳು ಜಜ್ಜಿದಾಗಿನ ಮೂವತ್ತೆಂಟು ಸಾವಿರ ಆಗಲೇ ಲೆಕ್ಕಕ್ಕೆ ಸೇರಿತ್ತು.

"ಇನ್ನು ಹನ್ನೆರಡು," ಎಂದ. "ನಮ್ಮ ಕೆಲಸದ ಹಾಗೇ ಕಣಯ್ಯಾ. ಮೊದಲು ಹಳ್ಳಕ್ಕೆ ಪುಟ್ಟಿ ತುಂಬಿ ಒಣಗಿಸಬೇಕು, ಆಮೇಲೆ ಬಣ್ಣ. ಬರೀ ಹಳ್ಳಕ್ಕೆ ಬಣ್ಣ ಹೊಡೆದರೆ ನಿಲ್ಲಲ್ಲ. ಹನ್ನೆರಡು ತುಂಬಿಸದೆ ಇವಳನ್ನ ಸೇರಿಸಿದರೆ ಕಂಪನಿ ಬಿಡಿಗಾಸು ಬಿಚ್ಚಲ್ಲ."

ಹೋಲಿಕೆ ಎಷ್ಟು ಚೆನ್ನಾಗಿತ್ತೆಂದರೆ, ಸರಿಯೋ ತಪ್ಪೋ ನೋಡದೆ ತಲೆಯಾಡಿಸಿದೆ. ಪಾಲಿಸಿಯ ವರ್ಷ ಮುಗಿಯಲು ಒಂಬತ್ತೇ ದಿನ. ಆಮೇಲೆ ಮತ್ತೆ ಸೊನ್ನೆಯಿಂದ ಐವತ್ತು.

"ತಾನೇ ಮಾಡಿಕೊಂಡ ಗಾಯ ಲೆಕ್ಕಕ್ಕಿಲ್ಲವಂತೆ," ಎಂದೆ, ಅವನು ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದ ರೀತಿಗೆ ಹೆದರಿ.

"ಬೇರೆಯವರು ಮಾಡಿದ್ದು?"

"ಅದರ ಬಗ್ಗೆ ಏನೂ ಇಲ್ಲ." ಮುಂದಿನ ಪುಟವನ್ನು ನಾನು ತಿರುಗಿಸಿಯೇ ಇರಲಿಲ್ಲ.

ಮರುದಿನ ಬೆಳಗ್ಗೆ ಗ್ಯಾರೇಜಿನಲ್ಲಿ ತಗಡಣ್ಣ ಪೇಂಟರ್ ಮುಂದೆ ನಿಂತ. ಪೇಂಟರ್ ಬಾಗಿಲಗಲದ ಆಸಾಮಿ.

"ಬಾರೋ, ಒಂದು ಹಾಕು. ಮೂಳೆ ಮುರಿದರೆ ಸಾಕು, ಸಾಯಿಸಬೇಡ."

"ಏನಣ್ಣಾ, ಬೆಳಗ್ಗೇನೇ ಏರಿಸಿಕೊಂಡು ಬಂದಿದ್ದೀಯಾ?"

ತಗಡಣ್ಣ ಎದೆಗೆ ಕೈಕೊಟ್ಟು ತಳ್ಳಿದ. ಪೇಂಟರ್ ನಕ್ಕ. ತಗಡಣ್ಣ ಅವನ ಕಪಾಳಕ್ಕೆ ಬಾರಿಸಿದ. ಪೇಂಟರ್ ಕೆನ್ನೆ ಒರೆಸಿಕೊಂಡು, "ಅತ್ತಿಗೆಗೆ ಹುಷಾರಿಲ್ಲ ಅಂತ ಬಿಟ್ಟಿದ್ದೀನಿ," ಎಂದ. ಕಡೆಗೆ ತಗಡಣ್ಣ, ಪೇಂಟರ್ ಬಣ್ಣದ ಮೂರನೇ ಕೋಟು ಹೊಡೆದು ಮುಗಿಸಿ ಇನ್ನೂ ಹಸಿಯಾಗಿದ್ದ ಕಾರಿನ ಬಾಗಿಲ ಮೇಲೆ ಐದೂ ಬೆರಳನ್ನು ಉದ್ದಕ್ಕೆ ಎಳೆದ.

ಮುಂದಿನದನ್ನು ನಾನು ಟೈರುಗಳ ಹಿಂದಿನಿಂದ ನೋಡಿದೆ. ಪೇಂಟರ್‌ನ ಮೊದಲ ಗುದ್ದಿಗೆ ತಗಡಣ್ಣನ ಮೂಗಿನಿಂದ ರಕ್ತ ಚಿಮ್ಮಿ ಬಾನೆಟ್ ಮೇಲೆಲ್ಲ ಸಿಡಿಯಿತು. ಹೊಡೆಸಿಕೊಳ್ಳಲು ಬಂದವನು ಅಭ್ಯಾಸಬಲದಿಂದ ತಿರುಗಿ ಕೊಟ್ಟ. ಪೇಂಟರ್ ತುಟಿ ಸೀಳಿತು. ಅವನು ಕಬ್ಬಿಣದ ಪೈಪು ಎತ್ತಿಕೊಂಡ. ಭುಜದ ಹತ್ತಿರ ಒಣಕಟ್ಟಿಗೆ ಮುರಿದಂಥ ಸದ್ದು. ನೆಲಕ್ಕೆ ಬಿದ್ದ ತಗಡಣ್ಣ ಏಟು ಬೀಳದ ಕೈಯೆತ್ತಿ ಕೂಗಿದ: "ಸಾಕೋ, ಸಾಕು! ಹನ್ನೆರಡರ ಮೇಲೆ ಹೋಗಬಾರದು!"

ಕೊರಳ ಮೂಳೆ ಕೂಡಿಸಲು ಹನ್ನೆರಡು ಸಾವಿರದ ನಾನೂರಾಯಿತು. ಮನೆಯಲ್ಲಿದ್ದ ದುಡ್ಡನ್ನೆಲ್ಲ ಗುಡಿಸಿ ಕಟ್ಟಿ, ಅತ್ತಿಗೆಯನ್ನೂ ಕರೆದುಕೊಂಡು ಆಸ್ಪತ್ರೆಯ ವಿಮೆ ಕೌಂಟರಿಗೆ ಹೋದ. ಹಿಂದೆ ನಾನು.

"ಗಾಯ ಹೇಗಾಯ್ತು?" ಎಂದಳು ಕೌಂಟರಿನ ಹೆಣ್ಣುಮಗಳು.

"ಹೇಳಿ ಹೊಡೆಸಿಕೊಂಡೆ," ಎಂದ ಹೆಮ್ಮೆಯಿಂದ.

ಅವಳು ಪೆನ್ನು ಕೆಳಗಿಟ್ಟಳು. "ನೀವೇ ಜಗಳ ತೆಗೆದು ಆದ ಗಾಯ ಸೇರಲ್ಲ. ನಿಮ್ಮದು ಮೂವತ್ತೆಂಟೇ."

"ಹಾಗಾದರೆ ಇವಳ ಆಪರೇಷನ್?"

"ಅದಕ್ಕೇನು ಅಡ್ಡಿ? ಆ ಎಂಬತ್ತರಲ್ಲೇ ಮೊದಲ ಹನ್ನೆರಡು ನೀವು ಕೊಡಿ, ಐವತ್ತು ತುಂಬಿತು. ಉಳಿದ ಅರವತ್ತೆಂಟು ಕಂಪನಿದು. ಮೊದಲೇ ಬೇರೆ ಖರ್ಚಿಂದ ತುಂಬಿಸಬೇಕು ಅಂತ ಯಾವ ಪುಣ್ಯಾತ್ಮ ಹೇಳಿದ್ದು?"

ತಗಡಣ್ಣ ನಿಧಾನವಾಗಿ ನನ್ನ ಕಡೆ ತಿರುಗಿದ. ಬಲಗೈ ಜೋಲಿಯಲ್ಲಿತ್ತು, ಎಡಗೈ ಖಾಲಿಯಿತ್ತು. ಎಡಗೈ ಏಟು ಹಗುರ ಎಂದು ಯಾರೋ ಸುಳ್ಳು ಹಬ್ಬಿಸಿದ್ದಾರೆ. ನಾನು ಕುರ್ಚಿಗಳ ಸಾಲಿನ ಮೇಲೆ ಬಿದ್ದು, ಕಣ್ಣು ಬಿಟ್ಟಾಗ ಅವನು ನೆಲದ ಮೇಲೆ ಕೂತು ಅಳುತ್ತಿದ್ದ. ಕಟ್ಟಬೇಕಾದ ಹನ್ನೆರಡು ಸಾವಿರ ಅವನ ಮೂಳೆಗೆ ಹೋಗಿತ್ತು. ಪಕ್ಕದ ಬೆಂಚಿನಲ್ಲಿ ಅತ್ತಿಗೆ ಹೊಟ್ಟೆ ಹಿಡಿದು ಮುದುಡಿದ್ದರು.

ತುಟಿ ಹೊಲಿಸಿಕೊಳ್ಳಲು ಬಂದಿದ್ದ ಪೇಂಟರ್ ಎಲ್ಲವನ್ನೂ ಕೇಳಿಸಿಕೊಂಡ. "ಥೂ, ನಿನ್ನ! ಮೊದಲೇ ಹೇಳಿದ್ದರೆ ಮೆತ್ತಗೆ ಹೊಡೀತಿದ್ದೆ," ಎಂದು ಬೈಯುತ್ತಲೇ ಆರು ಸಾವಿರ ಇಟ್ಟ, ಹೊಡೆದ ತಪ್ಪಿಗೆ. ನಾನು ಆರು ಇಟ್ಟೆ, ಓದಿದ ತಪ್ಪಿಗೆ.

ಅತ್ತಿಗೆ ಮೂವರ ಮುಖವನ್ನೂ ನೋಡಿದರು. "ನನ್ನ ಹೊಟ್ಟೇಲಿ ಕಲ್ಲಿದೆ ಅಂತ ಸ್ಕ್ಯಾನ್ ಮಾಡಿದರಲ್ಲ, ಹಾಗೇ ಈ ಮೂರು ತಲೇಲೂ ಏನಿದೆ ನೋಡಮ್ಮ," ಎಂದರು ಕೌಂಟರಿನವಳಿಗೆ.

ವರ್ಷ ಮುಗಿಯಲು ಎರಡು ದಿನವಿರುವಾಗ ಆಪರೇಷನ್ ಆಯಿತು. ಪುಟ್ಟ ಬಾಟಲಿಯಲ್ಲಿ ಏಳು ಕಲ್ಲು ಕೊಟ್ಟರು. ತಗಡಣ್ಣ ಅವನ್ನು ಗ್ಯಾರೇಜಿನ ಕಬ್ಬಿಣದ ದಿಮ್ಮಿಯ ಮೇಲಿಟ್ಟು, ಎಡಗೈಯಲ್ಲೇ ಸುತ್ತಿಗೆ ಎತ್ತಿ, ಬೈದು ಬೈದು ಒಂದೊಂದನ್ನೇ ಪುಡಿಮಾಡಿದ. ಪೇಂಟರ್ ಎಣಿಸಿದ.