ಅಕ್ಕನ ಹೆಸರಿನ ಮುಂದೆ ಬರೆದ ಔಟು

ಕಳೆದ ಭಾನುವಾರ ಲಿವರ್‌ಮೋರ್ ದೇವಸ್ಥಾನದಿಂದ ಬರುತ್ತಾ ಪಾರ್ಕಿನ ಬೇಸ್‌ಬಾಲ್ ಮೈದಾನದ ಬೇಲಿಗೆ ಒರಗಿ ನಿಂತಿದ್ದೆ. ಪುಟ್ಟ ಹುಡುಗಿಯೊಬ್ಬಳು ಚೆಂಡನ್ನು ಬೀಸಿ ಹೊಡೆಯದೆ, ಬ್ಯಾಟನ್ನು ಅಡ್ಡ ಹಿಡಿದು ಮೆಲ್ಲಗೆ ನೆಲಕ್ಕುರುಳಿಸಿದಳು. ತಾನು ಔಟಾದಳು, ಮೊದಲ ಬೇಸಿನಲ್ಲಿದ್ದ ಜೊತೆಗಾರ ಅಷ್ಟರಲ್ಲಿ ಎರಡನೆಯದನ್ನು ಮುಟ್ಟಿದ.

"ಅಯ್ಯೋ, ಬೇಕಂತ್ಲೇ ಔಟಾಗ್ಬುಟ್ಲಲ್ಲ!" ಎಂದರು ಪಕ್ಕದಲ್ಲಿದ್ದ ಮಂಡ್ಯದ ತಾತ. ಆ ಹುಡುಗಿ ಅವರ ಮೊಮ್ಮಗಳಂತೆ.

"ಇದು ತ್ಯಾಗದ ಬಂಟ್, ತಾತ. ತಾನು ಔಟಾಗಿ ಜೊತೆಯವರನ್ನ ಮುಂದೆ ಕಳಿಸೋದು. ಇದರಿಂದ ಅವಳ ಬ್ಯಾಟಿಂಗ್ ಸರಾಸರಿ ಕಮ್ಮಿ ಆಗಲ್ಲ."

"ಹೌದಾ? ಎಲ್ಲೈತೆ ಹಂಗಂತ?"

ಕೇಳಬಾರದವನನ್ನು ಕೇಳಿದರು. ಮಾತಿಗೆ ಪುರಾವೆ ಒದಗಿಸುವುದು ನನ್ನ ಹಳೆಯ ಚಟ. ಶಾಲೆಯಲ್ಲಿ ಚರ್ಚಾಸ್ಪರ್ಧೆಯ ಬಹುಮಾನಗಳು ಬಂದದ್ದೂ ಅದರಿಂದಲೇ, ಗೆಳೆಯರು ಹೋದದ್ದೂ ಅದರಿಂದಲೇ. ಫೋನಿನಲ್ಲಿ ನಿಯಮ ಹುಡುಕತೊಡಗಿದೆ.

ನಾವು ಓದುತ್ತಿದ್ದಾಗ ನಮ್ಮ ಹೈಸ್ಕೂಲಿನ ಬೇಸ್‌ಬಾಲ್ ತಂಡದಲ್ಲಿ ಅಕ್ಕ ಒಬ್ಬಳೇ ಹುಡುಗಿ. ಸ್ಕೋರು ಬರೆಯಲು ಯಾರೂ ಸಿಗದೆ ಕೋಚ್ ನನ್ನನ್ನು ಕೂರಿಸಿದ್ದರು. ಒಂದು ಆಟದಲ್ಲಿ, ಕೋಚ್ ಸನ್ನೆ ಮಾಡದಿದ್ದರೂ, ಅಕ್ಕ ಬಂಟ್ ಮಾಡಿ ಔಟಾದಳು. ಜೊತೆಗಾರ ಮುಂದೆ ಹೋದ. ಆದರೆ ಅವಳು ಓಡಿದ್ದು ಎದ್ದೂಬಿದ್ದೂ. ನಿಯಮದ ಪ್ರಕಾರ, ತನಗೇ ಬೇಸು ಗಿಟ್ಟಿಸಲು ಹೊರಟವಳದು ತ್ಯಾಗವಲ್ಲ, ಬರೀ ಔಟು. ಹಾಗೆ ತೀರ್ಮಾನಿಸುವ ಅಧಿಕಾರ ಸ್ಕೋರು ಬರೆಯುವವನದು. ಔಟೆಂದು ಬರೆದೆ. ಸ್ವಂತ ಅಕ್ಕನಾದರೂ ಪಕ್ಷಪಾತ ಮಾಡಲಿಲ್ಲವೆಂದು ಒಳಗೊಳಗೇ ಬೀಗಿದೆ ಕೂಡ.

"ಅವನು ಮುಂದೆ ಹೋಗ್ಲಿ ಅಂತಾನೇ ಮಾಡಿದ್ದು ಕಣೋ," ಎಂದಳು ಅಕ್ಕ, ಕಾರಿನಲ್ಲಿ.

"ಪ್ರೂಫ್ ಏನು?"

"ನಾನೇ ಹೇಳ್ತಿದ್ದೀನಲ್ಲ!"

"ಅದು ಪ್ರೂಫ್ ಅಲ್ಲ, ಬರೀ ಕ್ಲೇಮು."

"ಲೋ ಲಾಯರ್ರು, ಬಾಯ್ಮುಚ್ಕೊಂಡು ಕೂತ್ಕೋ," ಎಂದಳು ಕಾರು ಓಡಿಸುತ್ತಿದ್ದ ಅಮ್ಮ. "ಅವಳು ಯಾವತ್ತು ಸುಳ್ಳು ಹೇಳಿದಾಳೆ?"

ಅದು ಇಲ್ಲಿ ಅಪ್ರಸ್ತುತ ಎಂದೆ. ಗೆದ್ದೆ. ಫ್ರೀವೇ ಮುಗಿಯುವವರೆಗೂ ಅಕ್ಕ ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು.

ಮರುವರ್ಷ ಸರಾಸರಿ ನೋಡಿ ತಂಡ ಆರಿಸಿದರು. ಅವಳ ಹೆಸರು ಬರಲಿಲ್ಲ. ಆ ಒಂದು ಔಟೇ ಕಾರಣ ಎನ್ನಲಾರೆ. ಅಲ್ಲ ಎಂದೂ ಎನ್ನಲಾರೆ. ಅವಳು ಮತ್ತೆ ಬ್ಯಾಟು ಮುಟ್ಟಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಪುರಾವೆಯಿಲ್ಲದ ಯಾವುದನ್ನೂ ನನಗೆ ಹೇಳುವುದನ್ನೇ ಬಿಟ್ಟಳು. ಹೋದ ವರ್ಷ ಅವಳು ಗಂಡನನ್ನು ಬಿಟ್ಟು ಬರ್ಕ್ಲಿಯಲ್ಲಿ ಒಂದು ರೂಮು ಹಿಡಿದದ್ದು ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಅಮ್ಮನಿಂದ.

ಫೋನಿನಲ್ಲಿ ನಿಯಮ ಸಿಕ್ಕಿತು. ಅಂದು ನಾನು ಅದನ್ನು ಓದುತ್ತಾ ಅರ್ಧಕ್ಕೇ ನಿಲ್ಲಿಸಿದ್ದೆ, ನನಗೆ ಬೇಕಾದ ಅರ್ಧಕ್ಕೆ. ಮುಂದೆ ಹೀಗಿದೆ: ಬ್ಯಾಟು ಹಿಡಿದವರ ಉದ್ದೇಶದ ಬಗ್ಗೆ ಸಂಶಯವಿದ್ದರೆ, ಅದರ ಲಾಭ ಅವರಿಗೇ.

ತಾತನಿಗೆ ತೋರಿಸುವುದನ್ನು ಮರೆತು ಅಕ್ಕನಿಗೆ ಫೋನ್ ಮಾಡಿ ಓದಿದೆ. "ನಾನು ಬರೆದಿದ್ದು ತಪ್ಪು, ಅಕ್ಕ."

"ಇಲ್ವೋ. ನನಗೋಸ್ಕರಾನೇ ಓಡಿರಬೇಕು ನಾನು. ನೀನು ಹೇಳಿದ್ದೇ ಸರಿ, ಬಿಡು," ಎಂದಳು.

ಹಾಗೆಂದು ನಿಜವಾಗಿಯೂ ನಂಬಿಬಿಟ್ಟಿದ್ದಾಳೋ, ಮಾತು ಮುಗಿದರೆ ಸಾಕೆಂದು ಹೇಳಿದಳೋ? ಕೇಳಬಹುದಿತ್ತು. ನನ್ನಂಥವನು ಕೇಳಿದರೆ, ನೀವೇ ನೋಡಿದಿರಲ್ಲ, ಅದು ಪಾಟೀಸವಾಲೇ ಆಗುತ್ತದೆ.

"ಊಟ ಆಯ್ತಾ?" ಎಂದೆ.

"ಆಯ್ತು," ಎಂದಳು.

ನಂಬಿದೆ. ಅವಳಿಂದ ನಂಬಲು ನನಗೆ ಸಿಕ್ಕಿದ್ದು ಅಷ್ಟೇ.