ಪರೀಕ್ಷಕರ ಕೈಗೆ ಬ್ರಷ್ಷು ಕೊಟ್ಟವರು

ಅವರ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ಕಪ್ಪು. ಸಿಲ್ವರ್ ನೈಟ್ರೇಟಿನ ಕಲೆ. ಸೋಪಿಗೆ ಬಗ್ಗುವುದಿಲ್ಲ, ಚರ್ಮವೇ ಉದುರಬೇಕು. ಮದುವೆ ಊಟದಲ್ಲಿ ಪಕ್ಕದವರು ಆ ಕೈ ಕಂಡು ಮುಖ ಸಿಂಡರಿಸಿದರೆ ಅವರು ಕೈ ಹಿಂದೆಗೆಯುತ್ತಿರಲಿಲ್ಲ. ಇನ್ನಷ್ಟು ಮುಂದೆ ಚಾಚಿ, "ಇದ್ ಮಣ್ಣಲ್ಲ ಹ್ವಾಯ್, ಕೆಮಿಸ್ಟ್ರಿ" ಎನ್ನುತ್ತಿದ್ದರು.

ಕುಂದಾಪುರದ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರು ಅವರು. ನಮಗೆಲ್ಲ ಅಣ್ಣ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಇಪ್ಪತ್ತು ವರ್ಷ ಬೇರೆಯವರ ಪ್ರಯೋಗ ತೊಳೆದು ತೊಳೆದೇ ಪ್ರಯೋಗ ಕಲಿತಿದ್ದರು. ತೊಳೆದ ಪ್ರತಿಯೊಂದು ಟ್ಯೂಬನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು, ಮನಸ್ಸಿಗೆ ಬಾರದಿದ್ದರೆ ಮತ್ತೆ ತೊಳೆಯುವುದು. "ಗ್ಲಾಸ್ ಸುಳ್ ಹೇಳುದಿಲ್ಲೆ, ತೊಳ್ದವ್ರ್ ಹೇಳ್ತ್ರ್" ಎಂಬುದು ಅವರ ಮಾತು.

ನನ್ನ ಅಮ್ಮ ಹಂಚಿನ ಕಾರ್ಖಾನೆಯಲ್ಲಿ ಹಂಚು ಎತ್ತಿಕೊಡುವ ಕೆಲಸದವಳು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಬಿಎಸ್ಸಿ ಕೊನೆಯ ವರ್ಷ ಹೆಮ್ಮಾಡಿಯಿಂದ ಬಸ್ಸು ಹಿಡಿದು ಹೋಗುವಾಗ ಮನೆಯಲ್ಲಿ ಸ್ಪಷ್ಟವಾಗಿ ಹೇಳಿದ್ದರು: ಈ ಸಲ ಪಾಸಾಗದಿದ್ದರೆ ಓದು ಸಾಕು. ಕಾರ್ಖಾನೆಯಲ್ಲಿ ನನಗೂ ಒಂದು ಜಾಗ ಹೇಳಿಟ್ಟಾಗಿತ್ತು.

ಆ ವರ್ಷದ ಪ್ರಾಜೆಕ್ಟಿಗೆ ನಮ್ಮ ಕೆಮಿಸ್ಟ್ರಿ ಮೇಡಂ ಒಂದು ಪುಟ್ಟ ಬಾಟಲಿ ಕೊಟ್ಟರು. ಒಳಗೆ ಬಿಳಿ ಪುಡಿ, ಹೆಸರು ಸೈಕ್ಲೋಡೆಕ್ಸ್ಟ್ರಿನ್. ಪಿಷ್ಟದಿಂದ ಮಾಡುವುದು. ಸಕ್ಕರೆಯ ಏಳು ತುಣುಕುಗಳು ಕೈಕೈ ಹಿಡಿದು ಬಳೆಯಂತೆ ಸುತ್ತಿಕೊಂಡ ಅಣು, ನಡುವೆ ಪೊಳ್ಳು. ಅಳತೆಗೆ ಹೊಂದುವ, ನೀರಿನಲ್ಲಿ ನೆಮ್ಮದಿ ಇಲ್ಲದ ಇನ್ನೊಂದು ಅಣು ಸಿಕ್ಕಿದರೆ ಆ ಪೊಳ್ಳಿನೊಳಗೆ ಕೂರಿಸಿಕೊಳ್ಳುತ್ತದೆ. ಕೂರಿಸಿಕೊಂಡದ್ದು ಆತಿಥೇಯ, ಕೂತದ್ದು ಅತಿಥಿ. ನಾನು ಬಾಯಿಪಾಠ ಮಾಡುವುದನ್ನು ಅಣ್ಣ ಸಿಂಕಿನ ಬಳಿಯಿಂದ ಕೇಳಿಸಿಕೊಂಡರು.

"ಅಂದ್ರೆ ಕಡುಬ್ ಬೇಯ್ಸು ಎಲೆ ಮೂಡೆ, ತಳ ಇಲ್ದದ್ದ್. ಒಳಗ್ ಹೊಕ್ಕದ್ದ್ ಅಂಟ್ಕಂತಾ?"

"ಇಲ್ಲೆ ಅಣ್ಣ. ಬಿಸಿ ಮಾಡ್ರೆ ಹೊರಗ್ ಬತ್ತ್."

"ಹಂಗಾರೆ ನೆಂಟ್ರೇ ಸೈ."

ಪ್ರಯೋಗ ಸರಳ. ತೆಳುವಾದ ಸೋಡಾ ನೀರಿಗೆ ಫಿನಾಲ್ಫ್ತಲೀನ್ ಹಾಕಿದರೆ ಗುಲಾಬಿ ಬಣ್ಣ. ಅದಕ್ಕೆ ಈ ಪುಡಿ ಹಾಕಿದರೆ ಫಿನಾಲ್ಫ್ತಲೀನ್ ಪೊಳ್ಳಿನೊಳಗೆ ಹೊಕ್ಕು ಬಣ್ಣ ಕಳೆದುಕೊಳ್ಳಬೇಕು. ಮೊದಲ ದಿನವೇ ಬಣ್ಣ ಹೋಯಿತು. ನಾನು ಕುಣಿದಾಡಿ ಇಡೀ ಕ್ಲಾಸಿಗೆ ಸಾರಿ ಬಂದೆ.

ಅಣ್ಣ ಫ್ಲಾಸ್ಕನ್ನು ಬೆಳಕಿಗೆ ಹಿಡಿದರು. "ಇದನ್ನ್ ತೊಳ್ದದ್ ಯಾರ್?"

"ನಾನೇ. ಪರ್ಮಾಂಗನೇಟಿನ ಕಂದು ಕಲೆ ಹೋಯ್ಲಿಲ್ಲೆ, ಹುಣ್ಸೆಹುಳಿ ಹಾಕಿ ತಿಕ್ದೆ." ಮನೆಯಲ್ಲಿ ಕಂಚು, ಹಿತ್ತಾಳೆ ಬೆಳಗುವುದು ಹಾಗೆಯೇ. ಅಂದು ನಲ್ಲಿಯಲ್ಲಿ ನೀರು ಕಡಿಮೆ ಇದ್ದುದರಿಂದ ಒಂದೇ ಸಲ ಗಲಬರಿಸಿದ್ದೆ.

ಅಣ್ಣ ಆ ಫ್ಲಾಸ್ಕನ್ನು ಬದಿಗಿಟ್ಟರು. ನಾನೇ ತಿಕ್ಕಿದ್ದ ಇನ್ನೊಂದು ಫ್ಲಾಸ್ಕಿಗೆ ಗುಲಾಬಿ ನೀರು ಸುರಿದರು. ಪುಡಿ ಹಾಕಲಿಲ್ಲ. ಬಣ್ಣ ತಾನಾಗಿ ಮಾಯವಾಯಿತು.

"ಕಂಡ್ಯಾ ಹೆಣೆ? ನಿನ್ ನೆಂಟ್ರ್ ಇನ್ನೂ ಬರ್ಲಿಲ್ಲೆ. ಇದ್ ಬರೀ ಹುಳಿ."

ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಕೈಗೆ ಬ್ರಷ್ಷು ಕೊಟ್ಟರು. ಒಂದು ವಾರ ತೊಳೆದು ತೊಳೆದು, ಪುಡಿ ಹಾಕಿದ್ದೊಂದು, ಹಾಕದ್ದೊಂದು ಎಂದು ಜೋಡಿಯಾಗಿ ಮಾಡಿಸಿದರು. ಆಮೇಲೆ ನಿಜವಾಗಿ ಬಣ್ಣ ಹೋಯಿತು.

ಪ್ರಾಜೆಕ್ಟ್ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದರು. ನನ್ನ ಇಂಗ್ಲಿಷ್ ಎರಡನೇ ವಾಕ್ಯಕ್ಕೇ ನಿಂತಿತು. ಅವರು ಬಣ್ಣ ಹೋದ ಫ್ಲಾಸ್ಕನ್ನು ಒಂದು ಸಲ ಅಲ್ಲಾಡಿಸಿ ಕೆಳಗಿಟ್ಟರು.

"ಆಸಿಡ್ ಹಾಕಿ ತಂದಿದ್ದೀಯ. ಇದನ್ನು ಪಿಯುಸಿ ಮಕ್ಕಳೂ ಮಾಡ್ತಾರೆ. ಹೋಗಮ್ಮ."

ಮೇಡಂ ತಲೆ ತಗ್ಗಿಸಿದರು. ವಿಭಾಗದ ಮುಖ್ಯಸ್ಥರು ಮುಂದಿನವರ ಹೆಸರು ಕರೆಯಲು ಪಟ್ಟಿ ಎತ್ತಿಕೊಂಡರು. ಆಗ ಅಣ್ಣ ಸಿಂಕಿನಿಂದ ಬಂದು, ಎರಡು ಗಲೀಜು ಫ್ಲಾಸ್ಕು, ಒಂದು ಬ್ರಷ್ಷು ಪರೀಕ್ಷಕರ ಎದುರಿಟ್ಟರು.

"ಸಾರ್, ಇದನ್ನ್ ನೀವೇ ತೊಳ್ದ್ ಕೊಡಿ. ಮತ್ತೆ ಬೇಕಾರೆ ಆಸಿಡ್ ಅನ್ನಿ."

ಮುಖ್ಯಸ್ಥರ ಮುಖ ಕೆಂಪಾಯಿತು. "ಏಯ್, ನಿನ್ನನ್ನು ಯಾರು ಕೇಳಿದ್ದು? ಹೊರಗೆ ನಡಿ!"

ಅಣ್ಣ ಹೊರಗೆ ಹೋದರು. ಬ್ರಷ್ಷು ಮೇಜಿನ ಮೇಲೆಯೇ ಇತ್ತು. ನಾನು ಅದನ್ನು ಎತ್ತಿ ಪರೀಕ್ಷಕರ ಕಡೆ ಚಾಚಿದೆ. ಇಂಗ್ಲಿಷನ್ನು ಕೈಬಿಟ್ಟು ಕನ್ನಡದಲ್ಲೇ ಹೇಳಿದೆ: "ಸರ್, ಅವರು ಹೇಳಿದ್ದು ಸರಿ. ತೊಳೆದು ಕೊಡಿ."

ಅವರು ತೊಳೆದರು. ಕೋಟಿನ ತೋಳು ಮಡಚಿ, ಸಿಟ್ಟಿನಿಂದಲೇ, ಆದರೆ ಚೆನ್ನಾಗಿ ತೊಳೆದರು. ಎರಡಕ್ಕೂ ಗುಲಾಬಿ ನೀರು ಸುರಿದೆ. ಒಂದಕ್ಕೆ ನನ್ನ ಪುಡಿ, ಇನ್ನೊಂದಕ್ಕೆ ಸಾದಾ ಸಕ್ಕರೆ. ಸಕ್ಕರೆಯದ್ದು ಗುಲಾಬಿಯಾಗಿಯೇ ನಿಂತಿತು, ನನ್ನದು ಬಿಳಿಚಿತು. ಪಿಎಚ್ ಕಾಗದ ಅದ್ದಿದೆ. ಎರಡರಲ್ಲೂ ಒಂದೇ ತೋರಿಸಿತು, ಆಸಿಡ್ ಇರಲಿಲ್ಲ. ಬಿಳಿಚಿದ ಫ್ಲಾಸ್ಕನ್ನು ಬಿಸಿನೀರಿನಲ್ಲಿ ಇಟ್ಟೆ. ನಿಧಾನಕ್ಕೆ ಗುಲಾಬಿ ಮರಳಿತು. ತಣ್ಣೀರಿನಲ್ಲಿಟ್ಟೆ, ಮತ್ತೆ ಹೋಯಿತು. ಪರೀಕ್ಷಕರು ಅಂಕ ಬರೆದರು. ನಾನು ಪಾಸಾದೆ.

ಅಣ್ಣನಿಗೆ ಮೆಮೊ ಸಿಕ್ಕಿತು. ಮುಂದಿನ ವಾರ ಲ್ಯಾಬಿನಿಂದ ತೆಗೆದು ಲೈಬ್ರರಿಗೆ ಹಾಕಿದರು. ನಿವೃತ್ತಿಯ ತನಕ ಅಲ್ಲೇ ಇದ್ದರು. ನಾನು ಅಲ್ಲಿಗೆ ಹೋಗಿ ಕಣ್ಣೀರಿಟ್ಟಾಗ ಬೈದರು. "ಎಂತಕ್ ಮರ್ಕುದ್ ನೀನ್? ಪುಸ್ತಕದ್ ದೂಳ್ ಒರ್ಸುಕೂ ಕೈಯೇ ಬೇಕಲೆ. ಹೋಗ್, ಎಮ್ಮೆಸ್ಸಿ ಫಾರ್ಮ್ ತುಂಬ್ಸ್."

ತುಂಬಿಸಿದೆ. ಈಗ ಬ್ರಹ್ಮಾವರದ ಬಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಅಣ್ಣ ಸಾಲಿಗ್ರಾಮದ ಮನೆಯಲ್ಲಿ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ಊಟದ ದಿನ ನನ್ನ ಪಕ್ಕದ ಎಲೆಗೆ ಬಂದು ಕೂತವರು ಅದೇ ಮುಖ್ಯಸ್ಥರು. ನಿವೃತ್ತರಾಗಿದ್ದರು, ತಲೆ ಪೂರ್ತಿ ನರೆತಿತ್ತು.

"ಒಳ್ಳೆ ಮನುಷ್ಯ," ಎಂದರು ನನ್ನ ಕಡೆ ತಿರುಗಿ. "ಬಾಯಿ ಮಾತ್ರ ಸ್ವಲ್ಪ ಜಾಸ್ತಿ."

"ಹೌದು ಸರ್," ಎಂದೆ. ಪಂಕ್ತಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಎಂದೆ. "ಆ ದಿನ ಲ್ಯಾಬಿನಲ್ಲಿ ಓದಿದವರು ಅಷ್ಟು ಜನ ಇದ್ದೆವು. ಬಾಯಿ ಇದ್ದದ್ದು ಅವರೊಬ್ಬರಿಗೇ."

ನಾನು ಎದ್ದು ಸೆರಗು ಸಿಕ್ಕಿಸಿಕೊಂಡು, ಅಣ್ಣನ ಮಗಳ ಕೈಯಿಂದ ಸಾರಿನ ಪಾತ್ರೆ ತೆಗೆದುಕೊಂಡು ಬಡಿಸಲು ಹೊರಟೆ.