ಟಗಾಲಾಗ್ ಬೇರೆ, ಬೋಡೋ ಬೇರೆ

ಗಲ್ಫ್‌ನ ಆಸ್ಪತ್ರೆಯೊಂದರಲ್ಲಿ ಫಿಲಿಪ್ಪೀನ್ಸ್ ನರ್ಸ್‌ಗಳ ಜೊತೆ ವರ್ಷಗಟ್ಟಲೆ ದುಡಿದು ನಾನು ಅವರ ಭಾಷೆ ಟಗಾಲಾಗ್ ಕಲಿತೆ. ವಾಪಸು ಬಂದು ಹಾಸನದ ಆಸ್ಪತ್ರೆ ಸೇರಿದ ಮೇಲೆ ಅದೇ ನನಗೆ ತಲೆನೋವಾಯಿತು. ಅರಕಲಗೂಡಿನ ಶುಂಠಿ ಹೊಲಗಳಿಗೆ ಅಸ್ಸಾಮಿನಿಂದ ಕೂಲಿಗೆ ಬಂದ ಬೋಡೋ ಜನ ಯಾರೇ ದಾಖಲಾಗಲಿ, ವಾರ್ಡಿನ ಆಯಾ ನನ್ನನ್ನೇ ಹುಡುಕಿಕೊಂಡು ಬರುತ್ತಾಳೆ.

ಮೊನ್ನೆಯೂ ಬಂದಳು. “ಸಿಸ್ಟರ್, ನಿಮ್ ಬಾಸೆಯವ್ಳು ಬಂದವ್ಳೆ. ಒಸಿ ಮಾತಾಡ್ಸಿ.”

“ಅವಳದು ಬೋಡೋ ಕಣಮ್ಮ. ನನಗೆ ಬರೋದು ಟಗಾಲಾಗ್. ಅದು ಸಮುದ್ರದಾಚೆ ದ್ವೀಪದವರದು, ಇದು ಬ್ರಹ್ಮಪುತ್ರಾ ದಡದ್ದು. ನೀರಿಗೆ ಅವರು ತುಬಿಗ್ ಅಂತಾರೆ, ಇವರು ದೈ ಅಂತಾರೆ. ಯಾವ ನಂಟೂ ಇಲ್ಲ.”

“ನಿಮ್ ಫೋನ್ನಾಗಿರೋ ಆ ನರ್ಸ್‌ಗಳ್ದೂ ಇವ್ಳ್ದೂ ಮಕ ಎಲ್ಲಾ ಒಂದೇ ತರ ಐತಲ್ಲ ಸಿಸ್ಟರ್!”

ಹೇಳಿ ಹೇಳಿ ನನಗೆ ಸಾಕಾಗಿತ್ತು. ಮಧ್ಯಾಹ್ನ ಮೂರಾಗಿತ್ತು, ಊಟದ ಡಬ್ಬಿ ಇನ್ನೂ ಬ್ಯಾಗಿನಲ್ಲೇ ಇತ್ತು. ಕಾಲೆಳೆದುಕೊಂಡು ಅವಳ ಹಿಂದೆ ಹೋದೆ.

ಮಂಚದ ಮೇಲೆ ಜ್ವರದಿಂದ ಬಾಡಿದ ಹೆಂಗಸೊಬ್ಬಳು ಮಲಗಿದ್ದಳು. ಗಲ್ಫ್‌ನಲ್ಲಿ ನನ್ನ ರೂಮಿನಲ್ಲಿದ್ದ ಫಿಲಿಪ್ಪೀನ್ಸ್ ನರ್ಸ್ ನಾನು ಡ್ಯೂಟಿ ಮುಗಿಸಿ ಬಂದಾಗಲೆಲ್ಲ ಉಂಡೆಯಾ ಎಂದು ಕೇಳುತ್ತಿದ್ದಳು. ಆಯಾಳ ಬಾಯಿ ಮುಚ್ಚಿಸಬೇಕೆಂದೇ ಅದನ್ನು ಟಗಾಲಾಗ್‌ನಲ್ಲಿ ಜೋರಾಗಿ ಕೇಳಿದೆ: “ಕುಮಾಯಿನ್ ಕ ನ ಬಾ?”

ಹೆಂಗಸು ಕಣ್ಣು ಕಣ್ಣು ಬಿಟ್ಟಳು.

“ನೋಡಿದ್ಯಾ? ಒಂದಕ್ಷರವೂ ಅರ್ಥವಾಗಲಿಲ್ಲ,” ಎಂದೆ ಆಯಾಗೆ.

ಅಷ್ಟರಲ್ಲಿ ಆ ಹೆಂಗಸು ನನ್ನ ಮುಖವನ್ನೇ ನೋಡುತ್ತ, ಶುಂಠಿ ಹೊಲದಲ್ಲಿ ಕಲಿತ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು: “ಊಟ ಆಯ್ತಾ ಅಕ್ಕಾ?”

ಬೆಳಿಗ್ಗೆಯಿಂದ ನನ್ನನ್ನು ಹಾಗೆ ಕೇಳಿದವಳು ಅವಳೊಬ್ಬಳೇ.